ಚರ್ಮವೆಂಬ ಕವಚ

ಕಳೆದ ಸಂಚಿಕೆಯಲ್ಲಿ ನಾವು ಕಣ್ಣಿನ ರಚನೆಯನ್ನು ಕುರಿತು ಬರೆದುದನ್ನು ಓದಿ ಹಲವು ವಾಚಕರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಒಂದು ಪತ್ರ ಮಾತ್ರ ನಮ್ಮ ಮೇಜಿನ ಮೇಲೆಯೇ ಹದಿನೈದು ದಿನ ಉಳಿಯಿತು. ಬರೆದವರು ಒಬ್ಬ ತಾಯಿ. 'ನೇತ್ರದಾನದ ವಿಚಾರ ತಿಳಿಯಿತು. ಈಗ ಚರ್ಮವನ್ನೂ ದಾನ ಮಾಡುತ್ತಾರಂತೆ. ಹಾಗೆಂದರೆ ಸತ್ತವರ ತೊಗಲನ್ನು ಸುಲಿಯುತ್ತಾರೆಯೆ? ಮಣ್ಣು ಮಾಡುವಾಗ ಮುಖ ನೋಡುವಂತಿರುತ್ತದೆಯೆ?' ಎಂಬುದು ಅವರ ಪ್ರಶ್ನೆ. ಇದಕ್ಕೆ ಒಂದೇ ಸಾಲಿನ ಉತ್ತರವನ್ನು ಬರೆದುಬಿಡಬಹುದಿತ್ತು. ಆದರೆ ಲೇಖನಿ ಮುಂದೆ ಸಾಗಲಿಲ್ಲ. ಅದಕ್ಕೆ ಕಾರಣವನ್ನು ಅದರ ಸ್ಥಳದಲ್ಲಿ ಹೇಳುತ್ತೇವೆ. ಮೊದಲು ಚರ್ಮವೆಂದರೆ ಏನು, ಅದರಲ್ಲಿ ಎಷ್ಟು ಪದರಗಳಿವೆ, ಯಾವ ಪದರದ ಕೆಲಸವೇನು ಎಂಬುದನ್ನು ನೋಡೋಣ. ಅದು ತಿಳಿಯದೆ ಆ ತಾಯಿಯ ಪ್ರಶ್ನೆಗೆ ಉತ್ತರ ಸಿಗದು.

ದೇಹದ ಅಂಗಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಕೇಳಿದರೆ ಮಕ್ಕಳು ಯಕೃತ್ತು ಎಂದೋ ಕರುಳು ಎಂದೋ ಹೇಳುವುದುಂಟು. ವಾಸ್ತವವಾಗಿ ಚರ್ಮವೇ ಅತ್ಯಂತ ದೊಡ್ಡ ಅಂಗ. ಬೆಳೆದ ಮನುಷ್ಯನ ಚರ್ಮವನ್ನು ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟಾಗುತ್ತದೆ. ಅರ್ಥಾತ್ ಒಬ್ಬರು ಮಲಗುವ ಚಾಪೆಯಷ್ಟು. ಇಷ್ಟು ದೊಡ್ಡ ಅಂಗವನ್ನು ನಾವು ಅಂಗವೆಂದೇ ಎಣಿಸದೆ, ಒಳಗಿನ ಸರಕಿಗೆ ಸುತ್ತಿದ ಬಟ್ಟೆಯಂತೆ ಭಾವಿಸುವುದು ರೂಢಿ.

ನಮ್ಮ ಪೂರ್ವಿಕರು ಹಾಗೆ ಭಾವಿಸಿರಲಿಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಚರ್ಮಕ್ಕೆ ಏಳು ಪದರಗಳನ್ನು ಹೇಳಿದೆ: ಅವಭಾಸಿನೀ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನೀ, ರೋಹಿಣೀ, ಮಾಂಸಧರಾ. ಚರಕ ಸಂಹಿತೆಯಲ್ಲಿ ಪದರಗಳು ಆರು. ಹಾಲು ಕಾಯುವಾಗ ಮೇಲೆ ಕೆನೆ ಕಟ್ಟುವಂತೆ ಗರ್ಭದಲ್ಲಿ ಈ ಪದರಗಳು ಮೂಡುತ್ತವೆ ಎಂಬುದು ಸುಶ್ರುತನು ಕೊಡುವ ಹೋಲಿಕೆ. ಅಡುಗೆಮನೆಯನ್ನು ಬಲ್ಲ ವೈದ್ಯನ ಮಾತಿದು. ಪ್ರತಿಯೊಂದು ಪದರದ ದಪ್ಪವನ್ನೂ ಅವನು ವ್ರೀಹಿಯ, ಎಂದರೆ ಭತ್ತದ ಕಾಳಿನ ಲೆಕ್ಕದಲ್ಲಿ ಹೇಳುತ್ತಾನೆ. ಎಲ್ಲಕ್ಕಿಂತ ಹೊರಗಿನ ಅವಭಾಸಿನಿ ಒಂದು ಕಾಳಿನ ಹದಿನೆಂಟನೆಯ ಒಂದು ಭಾಗ. ಕಟ್ಟಕಡೆಯ ಮಾಂಸಧರಾ ಎರಡು ಕಾಳಿನಷ್ಟು. ಈ ಅಳತೆ ಮಾಂಸಲವಾದ ಭಾಗಗಳಿಗೆ ಮಾತ್ರ ಹೊಂದುತ್ತದೆ, ಹಣೆಗೂ ಸಣ್ಣ ಬೆರಳುಗಳಿಗೂ ಹೊಂದದು ಎಂಬ ಎಚ್ಚರಿಕೆಯನ್ನೂ ಕೂಡಿಸಿದ್ದಾನೆ. ಹೀಗೆ ಬರೆಯಬೇಕಾದರೆ ಕಣ್ಣಾರೆ ಕಂಡಿರಬೇಕು. ಶವವನ್ನು ಹುಲ್ಲಿನಲ್ಲಿ ಸುತ್ತಿ, ಮೆಲ್ಲಗೆ ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಪದರ ಪದರವಾಗಿ ನೋಡಬೇಕೆಂದು ವಿಧಿಯನ್ನೇ ಹೇಳಿದೆ. ಮಠದಲ್ಲಿ ನಮಗೆ ಸಂಸ್ಕೃತ ಕಲಿಸಿದ ಗುರುಗಳು ಈ ಭಾಗವನ್ನು ಪಾಠ ಹೇಳುವಾಗ, ನಾವು ಹುಡುಗರು ಮೂಗು ಮುಚ್ಚಿಕೊಂಡು ನಕ್ಕಿದ್ದೆವು. ನಗು ಅಡಗಿದುದು ಬಹಳ ವರ್ಷಗಳ ಮೇಲೆ.

ಆಧುನಿಕ ಶರೀರಶಾಸ್ತ್ರವು ಚರ್ಮವನ್ನು ಎರಡು ಮುಖ್ಯ ಪದರಗಳಾಗಿ ವಿಭಾಗಿಸುತ್ತದೆ: ಹೊರಚರ್ಮ ಮತ್ತು ಒಳಚರ್ಮ. ಅದರ ಅಡಿಯಲ್ಲಿ ಕೊಬ್ಬಿನ ಹಾಸು. ಹೊರಚರ್ಮವು ಬಹು ತೆಳು. ಕಣ್ಣಿನ ರೆಪ್ಪೆಯ ಮೇಲೆ ಅದು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟಿದ್ದರೆ, ಅಂಗೈ ಅಂಗಾಲುಗಳಲ್ಲಿ ಒಂದೂವರೆ ಮಿಲಿಮೀಟರಿನವರೆಗೆ ಇರುತ್ತದೆ. ಇಷ್ಟು ತೆಳುವಾದ ಹೊರಚರ್ಮದಲ್ಲಿಯೇ ಮತ್ತೆ ನಾಲ್ಕು ಸ್ತರಗಳಿವೆ. ಅಂಗೈ ಅಂಗಾಲುಗಳಲ್ಲಿ ಐದು.

ಎಲ್ಲಕ್ಕಿಂತ ಕೆಳಗಿನದು ಹುಟ್ಟಿನ ಸ್ತರ. ಇಲ್ಲಿ ಜೀವಕೋಶಗಳು ಒಂದೇ ಸಾಲಿನಲ್ಲಿ ನಿಂತು, ಸದಾ ಒಡೆದು ಎರಡಾಗುತ್ತಿರುತ್ತವೆ. ಹೊಸತು ಹುಟ್ಟಿದಂತೆ ಹಳೆಯದು ಮೇಲಕ್ಕೆ ಸರಿಯುತ್ತದೆ. ಅದರ ಮೇಲಿನದು ಮುಳ್ಳಿನ ಸ್ತರ. ಸೂಕ್ಷ್ಮದರ್ಶಕದಲ್ಲಿ ಇಲ್ಲಿಯ ಕೋಶಗಳು ಮುಳ್ಳುಮುಳ್ಳಾಗಿ ಕಾಣುವುದರಿಂದ ಈ ಹೆಸರು. ಆ ಮುಳ್ಳುಗಳು ಒಂದು ಕೋಶವನ್ನು ಇನ್ನೊಂದಕ್ಕೆ ಕಟ್ಟಿದ ಗಂಟುಗಳು. ಅದರ ಮೇಲಿನ ಕಣಸ್ತರದಲ್ಲಿ ಕೋಶದೊಳಗೆ ಕಣಗಳು ಕೂಡಿಕೊಂಡು, ಕೋಶವು ಸಾಯುವ ಸಿದ್ಧತೆ ನಡೆಸುತ್ತದೆ. ಅಂಗೈ ಅಂಗಾಲುಗಳಲ್ಲಿ ಮಾತ್ರ ಇದರ ಮೇಲೊಂದು ಹೊಳೆಯುವ ತೆಳು ಸ್ತರವಿದೆ. ಕಟ್ಟಕಡೆಗೆ ಕೊಂಬಿನ ಸ್ತರ. ಇಲ್ಲಿ ಜೀವವಿಲ್ಲ. ಚಪ್ಪಟೆಯಾದ ಸತ್ತ ಕೋಶಗಳು ಇಟ್ಟಿಗೆಯಂತೆ ಒಂದರ ಮೇಲೊಂದು ಕುಳಿತು, ನಡುವೆ ಜಿಡ್ಡಿನ ಗಾರೆ ತುಂಬಿರುತ್ತದೆ. ಈ ಕೋಶಗಳ ತುಂಬ ಇರುವ ಕೆರಾಟಿನ್ ಎಂಬ ವಸ್ತುವೇ ನಮ್ಮ ಉಗುರು ಕೂದಲುಗಳಲ್ಲಿಯೂ ದನದ ಕೊಂಬು ಗೊರಸುಗಳಲ್ಲಿಯೂ ಇರುವುದು. ಅಡಿಯಲ್ಲಿ ಹುಟ್ಟಿದ ಕೋಶವು ಮೇಲೆ ಬಂದು ಉದುರಿಹೋಗಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಎಣ್ಣೆಸ್ನಾನದಲ್ಲಿ ಬೆನ್ನುಜ್ಜಿದಾಗ ಬತ್ತಿ ಬತ್ತಿಯಾಗಿ ಬರುವ ಮಣ್ಣೆಂದು ನಾವು ತಿಳಿದಿರುವುದರಲ್ಲಿ ಬಹುಪಾಲು ನಮ್ಮದೇ ಚರ್ಮ.

ಹೊರಚರ್ಮದಲ್ಲಿ ರಕ್ತನಾಳವಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಅದಕ್ಕೆ ಬೇಕಾದ ಆಹಾರವೆಲ್ಲ ಅಡಿಯ ಒಳಚರ್ಮದಿಂದ ಜಿನುಗಿ ಬರಬೇಕು. ಗಡ್ಡ ಮಾಡಿಕೊಳ್ಳುವಾಗ ಬ್ಲೇಡು ಸೋಕಿಯೂ ನೆತ್ತರು ಬಾರದಿದ್ದರೆ ಹೊರಚರ್ಮವಷ್ಟೇ ಕೆರೆದಿದೆ. ನೆತ್ತರು ಬಂದರೆ ಒಳಚರ್ಮಕ್ಕೆ ತಾಗಿದೆ ಎಂದರ್ಥ.

ಈ ಎರಡು ಪದರಗಳ ಭೇದವನ್ನು ನಮ್ಮ ಮನೆಯ ಹೆಣ್ಣುಮಕ್ಕಳು ತಿಳಿಯದೆಯೇ ಬಲ್ಲರು. ಮದುವೆಯಲ್ಲಿ ಹಚ್ಚಿದ ಗೋರಂಟಿ ಎರಡು ಮೂರು ವಾರಗಳಲ್ಲಿ ಮಾಸಿಹೋಗುತ್ತದೆ. ಅಜ್ಜಿಯ ಮುಂಗೈ ಮೇಲಿನ ಹಚ್ಚೆ ಅವಳೊಡನೆಯೇ ಮಣ್ಣಿಗೆ ಹೋಗುತ್ತದೆ. ಗೋರಂಟಿಯ ಬಣ್ಣ ಹಿಡಿದದ್ದು ಸತ್ತ ಕೊಂಬಿನ ಸ್ತರಕ್ಕೆ. ಆ ಸ್ತರ ಉದುರಿದಂತೆ ಬಣ್ಣವೂ ಉದುರುತ್ತದೆ. ಅಂಗೈಯಲ್ಲಿ ಆ ಸ್ತರ ದಪ್ಪವಾಗಿರುವುದರಿಂದಲೇ ಅಲ್ಲಿ ಬಣ್ಣ ಗಾಢವಾಗಿ ಕೂಡುವುದು. ಹಚ್ಚೆಯ ಸೂಜಿಯಾದರೋ ಹೊರಚರ್ಮವನ್ನು ದಾಟಿ ಒಳಚರ್ಮದಲ್ಲಿ ಬಣ್ಣವನ್ನು ಇರಿಸಿ ಬರುತ್ತದೆ. ಅಲ್ಲಿಂದ ಅದು ಕದಲುವುದಿಲ್ಲ.

ಬಣ್ಣದ ಮಾತು ಬಂದುದರಿಂದ ಒಂದು ಸಂಗತಿ. ಹುಟ್ಟಿನ ಸ್ತರದ ಕೋಶಗಳ ನಡುನಡುವೆ ಮೆಲನಿನ್ ಎಂಬ ಕಪ್ಪು ಬಣ್ಣವನ್ನು ತಯಾರಿಸುವ ಕೋಶಗಳಿವೆ. ಒಂದೊಂದು ಬಣ್ಣಗಾರ ಕೋಶವೂ ತನ್ನ ತೋಳುಗಳನ್ನು ಚಾಚಿ ಸುತ್ತಲಿನ ಮೂವತ್ತಕ್ಕೂ ಹೆಚ್ಚು ಕೋಶಗಳಿಗೆ ಬಣ್ಣ ಹಂಚುತ್ತದೆ. ಆ ಬಣ್ಣ ಪ್ರತಿ ಕೋಶದ ಬೀಜದ ಮೇಲೆ ಕೊಡೆಯಂತೆ ಕುಳಿತು ಬಿಸಿಲಿನ ಕೆಡುಕನ್ನು ತಡೆಯುತ್ತದೆ. ಕಪ್ಪಗಿರುವವರಲ್ಲಿಯೂ ಬೆಳ್ಳಗಿರುವವರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ತಯಾರಾಗುವ ಬಣ್ಣದ ಕಣಗಳ ಗಾತ್ರ ಮತ್ತು ಪ್ರಮಾಣದಲ್ಲಿ ಮಾತ್ರ ಭೇದ. ವರಾನ್ವೇಷಣೆಯಲ್ಲಿ 'ಬಣ್ಣ ತುಸು ಕಡಿಮೆ' ಎನ್ನುವ ಮಾತನ್ನು ಈಗಲೂ ಕೇಳುತ್ತಿದ್ದೇವೆ. ಕಡಿಮೆಯಿರುವುದು ಹೇಳಿದವರ ತಿಳಿವಳಿಕೆ. ಆ ಮಾತಿಗೆ ಅಂಜಿ, ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಂಡು, ಚರ್ಮವನ್ನೇ ತೆಳ್ಳಗೆ ಮಾಡಿಕೊಂಡ ಹೆಣ್ಣುಮಕ್ಕಳಿದ್ದಾರೆ. ಈ ಬಣ್ಣಗಾರ ಕೋಶಗಳು ಅಲ್ಲಲ್ಲಿ ನಾಶವಾದಾಗ ತೊನ್ನು ಉಂಟಾಗುತ್ತದೆ. ಅದು ಅಂಟುರೋಗವಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೊರಚರ್ಮದಲ್ಲಿ ಇನ್ನೊಂದು ಬಗೆಯ ಕಾವಲು ಕೋಶವಿದೆ. 1868ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬಾತ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಅದನ್ನು ಕಂಡ. ಕವಲುಗಳನ್ನು ನೋಡಿ ನರದ ಕೋಶವೆಂದು ಬಗೆದ. ಅದು ನರವಲ್ಲ, ಹೊರಗಿನಿಂದ ಬಂದ ಪರಕೀಯ ವಸ್ತುವನ್ನು ಹಿಡಿದು ದೇಹದ ರಕ್ಷಣಾವ್ಯವಸ್ಥೆಗೆ ಒಪ್ಪಿಸುವ ಕಾವಲುಗಾರ ಎಂಬುದು ತಿಳಿದುದು ನೂರು ವರ್ಷಗಳ ಬಳಿಕ.

ಇನ್ನು ಒಳಚರ್ಮ. ಚರ್ಮದ ಬಲವೆಲ್ಲ ಇಲ್ಲಿದೆ. ಕೊಲಾಜನ್ ಎಂಬ ಗಟ್ಟಿ ನಾರು ಹಾಸುಹೊಕ್ಕಾಗಿ ಹೆಣೆದುಕೊಂಡಿದೆ. ನಡುವೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಲಾಸ್ಟಿನ್ ನಾರು. ಇದನ್ನು ಅರಿಯಲು ಚರ್ಮ ಹದಮಾಡುವವರ ಕೆಲಸವನ್ನು ನೋಡಬೇಕು. ಹಸಿತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿದಾಗ ಕೂದಲೂ ಹೊರಚರ್ಮವೂ ಸಡಿಲಾಗುತ್ತವೆ. ಅವನ್ನು ಕೆರೆದು ತೆಗೆಯುತ್ತಾರೆ. ಒಳಮೈಯ ಕೊಬ್ಬು ಮಾಂಸಗಳನ್ನೂ ಕೆರೆಯುತ್ತಾರೆ. ಉಳಿದ ನಡುವಿನ ಹಾಳೆಯನ್ನು ಆವರಿಕೆ ಮೊದಲಾದ ಗಿಡಗಳ ತೊಗಟೆಯ ಒಗರುನೀರಿನಲ್ಲಿ ಹದಮಾಡುತ್ತಾರೆ. ಆ ಒಗರು ಕೊಲಾಜನ್ ನಾರುಗಳನ್ನು ಬಿಗಿದು ಕೊಳೆಯದಂತೆ ಮಾಡುತ್ತದೆ. ಅರ್ಥಾತ್ ನಾವು ಕಾಲಿಗೆ ಹಾಕುವ ಚಪ್ಪಲಿ ಎಂದರೆ ಪ್ರಾಣಿಯ ಒಳಚರ್ಮ ಮಾತ್ರ. ಶರೀರಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಬೇರ್ಪಡಿಸಿದ ಪದರಗಳನ್ನು ಈ ದೇಶದ ಸಮಗಾರರು ಶತಮಾನಗಳಿಂದ ಕೈಯಿಂದ ಬೇರ್ಪಡಿಸುತ್ತ ಬಂದಿದ್ದಾರೆ. ಅವರನ್ನು ನಾವು ಯಾವ ಸ್ಥಾನದಲ್ಲಿ ಕೂರಿಸಿದೆವು ಎಂಬುದು ಬೇರೆಯೇ ಲೇಖನವಾದೀತು.

ಒಳಚರ್ಮದ ಮೇಲ್ಭಾಗವು ಸಮತಟ್ಟಾಗಿಲ್ಲ. ಸಣ್ಣ ಸಣ್ಣ ದಿಬ್ಬಗಳಾಗಿ ಎದ್ದು, ಹೊರಚರ್ಮದ ತಗ್ಗುಗಳಲ್ಲಿ ಕೂತುಕೊಂಡಿದೆ. ಬೆರಳ ತುದಿಯಲ್ಲಿ ಈ ದಿಬ್ಬಗಳ ಸಾಲೇ ಹೆಬ್ಬೆಟ್ಟಿನ ಗುರುತು. ತಾಯಿಯ ಗರ್ಭದಲ್ಲಿ ಐದನೆಯ ತಿಂಗಳು ಮುಗಿಯುವುದರೊಳಗೆ ಆ ಗೆರೆಗಳು ಮೂಡಿಬಿಟ್ಟಿರುತ್ತವೆ. ಅಡಿಯ ದಿಬ್ಬಗಳು ಹಾಗೆಯೇ ಇರುವುದರಿಂದ ಮೇಲಿನ ಸ್ತರ ಎಷ್ಟು ಸಲ ಉದುರಿದರೂ ಗೆರೆ ಬದಲಾಗದು. ಕುಡುಗೋಲು ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಾಗ ನಡೆಯುವುದೆಂದರೆ, ತಿಕ್ಕಾಟಕ್ಕೆ ಹೊರಚರ್ಮದ ಸ್ತರಗಳು ಒಂದರಿಂದೊಂದು ಬಿಟ್ಟು ನಡುವೆ ನೀರು ತುಂಬುವುದು.

ಈ ಒಳಚರ್ಮದಲ್ಲಿಯೇ ರಕ್ತನಾಳಗಳಿವೆ, ಸ್ಪರ್ಶ, ನೋವು, ಬಿಸಿ, ತಂಪುಗಳನ್ನು ಅರಿಯುವ ನರಗಳ ತುದಿಗಳಿವೆ, ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿಗಳಿವೆ. ಕೂದಲಿನ ಬುಡಗಳೂ ಇಲ್ಲಿಯೇ ಆಳವಾಗಿ ಇಳಿದಿವೆ. ಪ್ರತಿ ಕೂದಲಿನ ಬುಡಕ್ಕೆ ಕಟ್ಟಿದ ಸಣ್ಣ ಸ್ನಾಯು ಬಿಗಿದಾಗ ರೋಮಾಂಚವಾಗುತ್ತದೆ; ಚಳಿಗೂ ಅದೇ, ಭಕ್ತಿಗೂ ಅದೇ. ಕೂದಲಿನ ಬುಡದ ಗೋಡೆಯು ಹೊರಚರ್ಮದ ಕೋಶಗಳಿಂದಲೇ ಆದದ್ದು, ಹೊರಚರ್ಮವೇ ಒಳಕ್ಕೆ ಇಳಿದು ಮಾಡಿಕೊಂಡ ಬಾವಿಯಂತೆ. ಇದನ್ನೂ ವಾಚಕರು ನೆನಪಿಡಬೇಕು.

ಅಡಿಯ ಕೊಬ್ಬಿನ ಹಾಸಿನ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಚಳಿಗೆ ಕಂಬಳಿ, ಪೆಟ್ಟಿಗೆ ಮೆತ್ತೆ. ಹುಟ್ಟಿದ ಕೂಸಿಗೆ ಕೊಡುವ ಬಿ.ಸಿ.ಜಿ. ಲಸಿಕೆಯ ಸೂಜಿ ಒಳಚರ್ಮದಲ್ಲಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಸೂಜಿ ಈ ಕೊಬ್ಬಿನಲ್ಲಿ.

ಇಷ್ಟು ತಿಳಿದ ಮೇಲೆ ಸುಟ್ಟಗಾಯದ ಮಾತಿಗೆ ಬರೋಣ. ನಾವು ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಕಾಲ. ನಮಗೆ ಆಗ ಹದಿಮೂರು ವರ್ಷ. ಜಾತ್ರೆಯ ದಿನ ದಾಸೋಹದ ಮನೆಯಲ್ಲಿ ಕುದಿಯುವ ಸಾರಿನ ಕೊಪ್ಪರಿಗೆ ವಾಲಿ, ನಮ್ಮ ಸಹಪಾಠಿಯೊಬ್ಬನ ಎಡಗಾಲಿನ ಮೇಲೆ ಸುರಿಯಿತು. ಮೊಣಕಾಲಿನ ಕೆಳಗೆ ಕೆಂಪಾಗಿ ಬೊಬ್ಬೆ ಎದ್ದು, ಅವನು ಗಾಳಿ ಸೋಕಿದರೂ ಚೀರುತ್ತಿದ್ದ. ಪಾದದ ಮೇಲ್ಭಾಗ ಮಾತ್ರ ಬಿಳಚಿಕೊಂಡು, ತೊಗಲು ಗಟ್ಟಿಯಾಗಿ, ಮುಟ್ಟಿದರೂ ನೋವಿಲ್ಲ. ಹಿರಿಯರೊಬ್ಬರು ಮಸಿ ತಂದು ಸುರಿದರು, ಇನ್ನೊಬ್ಬರು ಬೆಣ್ಣೆ ಸವರಿದರು. 'ಪಾದಕ್ಕೆ ಏನೂ ಆಗಿಲ್ಲ, ನೋವೇ ಇಲ್ಲ' ಎಂದು ನಾವೆಲ್ಲ ಸಮಾಧಾನಪಟ್ಟೆವು. ತಿಂಗಳೊಳಗೆ ಮೊಣಕಾಲಿನ ಕೆಳಗಿನ ಗಾಯ ಕಲೆಯೂ ಉಳಿಯದಂತೆ ಮಾಯಿತು. ಪಾದದ ಗಾಯ ವರ್ಷ ಕಳೆದರೂ ಒಣಗದೆ, ಕೊನೆಗೆ ತೊಗಲು ಸೆಳೆದು ಬೆರಳುಗಳು ಮೇಲಕ್ಕೆ ಮಡಚಿಕೊಂಡವು. ಅವನು ಇಂದಿಗೂ ಕುಂಟುತ್ತಾನೆ.

ಕಾರಣ ಇಷ್ಟೇ. ಮೊಣಕಾಲಿನ ಕೆಳಗೆ ಹೊರಚರ್ಮವೂ ಒಳಚರ್ಮದ ಮೇಲ್ಭಾಗವೂ ಬೆಂದಿದ್ದವು. ಆಳದಲ್ಲಿ ಕೂದಲಿನ ಬುಡಗಳು, ಬೆವರಿನ ಗ್ರಂಥಿಗಳು ಉಳಿದಿದ್ದವು. ಆ ಒಂದೊಂದು ಬಾವಿಯಿಂದಲೂ ಹೊರಚರ್ಮದ ಕೋಶಗಳು ಮೇಲೆ ಹತ್ತಿ ಬಂದು, ಹರಡಿ, ಒಂದನ್ನೊಂದು ಕೂಡಿಕೊಂಡು ಹೊಸ ಚರ್ಮವಾದವು. ಪಾದದಲ್ಲಿ ಒಳಚರ್ಮ ಪೂರ್ತಿ ಬೆಂದು ಬುಡಗಳೇ ಸತ್ತಿದ್ದವು. ನರದ ತುದಿಗಳೂ ಸತ್ತಿದ್ದುದರಿಂದಲೇ ನೋವಿರಲಿಲ್ಲ. ಸುಟ್ಟಲ್ಲಿ ನೋವಿಲ್ಲವೆಂದರೆ ಸಮಾಧಾನಪಡಬಾರದು, ಅಂಜಬೇಕು.

ಸುಟ್ಟಾಗ ಮಾಡಬೇಕಾದುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಬಳೆ, ಉಂಗುರ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಮಂಜುಗಡ್ಡೆ, ಮಸಿ, ಬೆಣ್ಣೆ, ಅರಿಶಿನ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಬೊಬ್ಬೆಯನ್ನು ಒಡೆಯುವುದೂ ಬೇಡ.

ಗಾಯ ಎಷ್ಟು ಆಳ ಎಂಬುದರಂತೆ ಎಷ್ಟು ಅಗಲ ಎಂಬುದೂ ಮುಖ್ಯ. ವೈದ್ಯರು ಒಂಬತ್ತರ ಲೆಕ್ಕವನ್ನು ಇಟ್ಟುಕೊಂಡಿದ್ದಾರೆ. ಬೆಳೆದವರಲ್ಲಿ ತಲೆ ಕುತ್ತಿಗೆ ಸೇರಿ ಶೇಕಡಾ 9, ಒಂದೊಂದು ತೋಳು 9, ಒಂದೊಂದು ಕಾಲು 18, ಮುಂಡದ ಮುಂಭಾಗ 18, ಹಿಂಭಾಗ 18; ಉಳಿದ 1 ಗುಹ್ಯಭಾಗ. ಅರ್ಧ ಮೈ ಸುಟ್ಟಿತೆಂದರೆ ಅರ್ಧ ಮೈಯ ಇಟ್ಟಿಗೆ ಗಾರೆಯ ಗೋಡೆ ಬಿದ್ದಿತೆಂದರ್ಥ. ಒಳಗಿನ ನೀರು ಸೋರಿಹೋಗುತ್ತದೆ, ಮೈಯ ಶಾಖ ಹೋಗುತ್ತದೆ, ಹೊರಗಿನ ರೋಗಾಣುಗಳು ಒಳಗೆ ಬರುತ್ತವೆ. ಸುಟ್ಟವರು ಬೆಂಕಿಯ ದಿನವೇ ಸಾಯದೆ, ವಾರದ ಮೇಲೆ, ಮಾತನಾಡುತ್ತ ಇದ್ದವರು ಸಾಯುವುದು ಈ ಕಾರಣದಿಂದ.

ಬಿದ್ದ ಗೋಡೆಗೆ ಬೇರೆ ಕಡೆಯಿಂದ ಚರ್ಮ ತಂದು ಹಚ್ಚುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ಕ್ರಮ ಸುಶ್ರುತನಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜೀ ಎಂಬವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿಯು ಮೂಗಿನ ಆಕಾರದಲ್ಲಿ ಹಣೆಯ ಚರ್ಮವನ್ನು ಕತ್ತರಿಸಿ, ಹುಬ್ಬಿನ ನಡುವೆ ತೊಟ್ಟನ್ನು ಬಿಟ್ಟು, ಕೆಳಕ್ಕೆ ತಿರುಗಿಸಿ ಕೂಡಿಸಿದ. ಕ್ರೂಸೋ ಮತ್ತು ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಪತ್ರಿಕೆ ಅದನ್ನು ಪ್ರಕಟಿಸಿತು. ಯುರೋಪಿನ ಶಸ್ತ್ರವೈದ್ಯರು ಅದನ್ನು ಓದಿ ಕಲಿತರು. ಆ ತೊಟ್ಟನ್ನು ಬಿಟ್ಟದ್ದರಲ್ಲಿಯೇ ಜಾಣತನವಿದೆ. ಒಳಚರ್ಮದ ರಕ್ತನಾಳಗಳು ತೊಟ್ಟಿನ ಮೂಲಕ ಚರ್ಮಕ್ಕೆ ನೆತ್ತರು ಕೊಡುತ್ತಲೇ ಇದ್ದವು.

ತೊಟ್ಟಿಲ್ಲದೆಯೂ ಚರ್ಮವನ್ನು ಕಸಿಮಾಡಬಹುದೆಂದು 1869ರಲ್ಲಿ ಪ್ಯಾರಿಸಿನಲ್ಲಿ ರೆವರ್ಡಿನ್ ಎಂಬ ವೈದ್ಯ ತೋರಿಸಿದ. ಆದರೆ ಚರ್ಮ ತೆಳುವಾಗಿರಬೇಕು. ಹೊರಚರ್ಮವೂ ಒಳಚರ್ಮದ ಮೇಲಿನ ಒಂದು ಪೊರೆಯೂ ಸೇರಿದ ತೆಳುಹಾಳೆಯಾದರೆ, ಮೊದಲ ಎರಡು ದಿನ ಗಾಯದ ನೀರನ್ನೇ ಹೀರಿ ಬದುಕುತ್ತದೆ. ಅಷ್ಟರಲ್ಲಿ ಅಡಿಯಿಂದ ರಕ್ತನಾಳಗಳು ಬೆಳೆದು ಅದನ್ನು ಹಿಡಿದುಕೊಳ್ಳುತ್ತವೆ. ಈ ಹಾಳೆಯನ್ನು ಹೆಚ್ಚಾಗಿ ರೋಗಿಯದೇ ತೊಡೆಯಿಂದ ತೆಗೆಯುತ್ತಾರೆ. ತೆಗೆದ ಜಾಗದಲ್ಲಿ ಕೂದಲಿನ ಬುಡಗಳು ಉಳಿದಿರುತ್ತವೆ. ಎರಡು ಮೂರು ವಾರಗಳಲ್ಲಿ ಅಲ್ಲಿ ಹೊಸ ಹೊರಚರ್ಮ ಬರುತ್ತದೆ. ತೊಡೆ ಎಂದೊಡನೆ ನಮ್ಮ ಮನೆಗಳಲ್ಲಿ ಹರಳಯ್ಯನವರೂ ಕಲ್ಯಾಣಮ್ಮನವರೂ ನೆನಪಾಗದಿರರು. ಆ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿದರೆಂಬ ಕಥೆಯನ್ನು ನಾವು ಪ್ರವಚನಗಳಲ್ಲಿ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಕೇಳಿದವರು ಕಣ್ಣೊರೆಸಿಕೊಂಡಿದ್ದಾರೆ. ಹೇಳಿದ ನಮ್ಮನ್ನೇ ಚರ್ಮದ ಮಾತು ಬಂದು ಕೇಳಿದ ದಿನ ನಾವು ಏನು ಮಾಡಿದೆವು ಎಂಬುದನ್ನು ಈಗ ಹೇಳಬೇಕು.

ಮೈಯ ಬಹುಭಾಗ ಸುಟ್ಟವರಿಗೆ ಅವರದೇ ಚರ್ಮ ಸಾಲುವುದಿಲ್ಲ. ಆಗ ಮೃತರು ಕೊಟ್ಟ ಚರ್ಮವನ್ನು ಹೊದಿಸುತ್ತಾರೆ. ಅದು ಶಾಶ್ವತವಲ್ಲ. ಲ್ಯಾಂಗರ್‌ಹಾನ್ಸ್ ಕಂಡ ಆ ಕಾವಲು ಕೋಶಗಳು ಅದರಲ್ಲಿರುವುದರಿಂದ ರೋಗಿಯ ದೇಹ ಅದನ್ನು ಪರಕೀಯವೆಂದು ಗುರುತಿಸಿ, ಎರಡು ಮೂರು ವಾರಗಳಲ್ಲಿ ತಳ್ಳಿಹಾಕುತ್ತದೆ. ಆದರೆ ಆ ಎರಡು ಮೂರು ವಾರಗಳೇ ಬೇಕಾಗಿರುವುದು. ಅಷ್ಟರಲ್ಲಿ ನೀರು ಸೋರುವುದು ನಿಲ್ಲುತ್ತದೆ, ನೋವು ತಗ್ಗುತ್ತದೆ, ರೋಗಿ ಚೇತರಿಸಿಕೊಳ್ಳುತ್ತಾನೆ, ಅವನದೇ ತೊಡೆಯಲ್ಲಿ ಮತ್ತೊಮ್ಮೆ ತೆಗೆಯುವಷ್ಟು ಚರ್ಮ ಬೆಳೆಯುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ 2016ರಲ್ಲಿ ಇದಕ್ಕಾಗಿಯೇ ಒಂದು ಚರ್ಮನಿಧಿ ಆರಂಭವಾಯಿತು.

ನಮ್ಮ ಹಿರಿಯ ಅಣ್ಣನವರ ಪತ್ನಿ, ನಮ್ಮ ವೈನಿ, ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದರು. ಅವರ ತಂಗಿಯ ಮಗಳೊಬ್ಬಳು ಸ್ಟೋವಿನ ಬೆಂಕಿಗೆ ಸಿಕ್ಕು ಒಂಬತ್ತು ದಿನ ನರಳಿ ತೀರಿಕೊಂಡಿದ್ದಳು. ಆ ಒಂಬತ್ತು ದಿನವೂ ಪಕ್ಕದಲ್ಲಿ ಕೂತವರು ಇವರೇ. ಚರ್ಮನಿಧಿಯ ಸುದ್ದಿಯನ್ನು ಓದಿದ ದಿನವೇ ಮಗನಿಗೆ, 'ನಾ ಹೋದಾಗ ನನ್ನ ತೊಗಲು ಕೊಟ್ಟುಬಿಡು' ಎಂದು ಹೇಳಿ ಇಟ್ಟಿದ್ದರಂತೆ. 2017ರ ಚಳಿಗಾಲದ ಒಂದು ರಾತ್ರಿ ಹನ್ನೊಂದು ಗಂಟೆಗೆ ಅವರು ಹೃದಯಾಘಾತದಿಂದ ಲಿಂಗೈಕ್ಯರಾದರು. ಹನ್ನೆರಡರ ಹೊತ್ತಿಗೆ ಮಗ ನಮಗೆ ಫೋನು ಮಾಡಿದ.

'ಕಾಕಾ, ಅವ್ವ ಹೀಂಗ ಹೇಳಿದ್ಲು. ಮನ್ಯಾಗ ಹಿರ್ಯಾರು ಬ್ಯಾಡ ಅಂತಾರ. ಸುಲಿಸಿಕೊಂಡ ಮೈಗೆ ವಿಭೂತಿ ಹೆಂಗ ಹಚ್ಚೂದು, ಹೆಂಗ ಕೂಡಸೂದು ಅಂತ ಕೇಳ್ತಾರ. ನೀವು ಏನಂತೀರಿ? ನೀವು ಹೂಂ ಅಂದ್ರ ಯಾರೂ ಮಾತಾಡೂದಿಲ್ಲ.'

ನಾವು ಹೂಂ ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ. 'ಬೆಳಗಾಗಲಿ ತಮ್ಮಾ, ನಾವು ಬರ್ತೇವಿ, ಕೂತು ವಿಚಾರ ಮಾಡೋಣು' ಎಂದೆವು. ಫೋನಿಟ್ಟ ಮೇಲೆ ಪುಸ್ತಕದ ಕಪಾಟಿನ ಮುಂದೆ ನಿಂತು, ಇದಕ್ಕೆ ಎಲ್ಲಿಯಾದರೂ ವಿಧಿಯೋ ನಿಷೇಧವೋ ಇದೆಯೇ ಎಂದು ಹುಡುಕತೊಡಗಿದೆವು. ನಿಜ ಹೇಳಬೇಕೆಂದರೆ ಆಗ ನಮ್ಮ ಕಣ್ಣ ಮುಂದೆ ಇದ್ದುದು ಸುಲಿದ ತೊಗಲಿನ ಚಿತ್ರ. ವೈನಿಯವರನ್ನು ಹಾಗೆ ಊಹಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ಬೆಳಗಿನ ಬಸ್ಸು ಹಿಡಿದು ಮಧ್ಯಾಹ್ನ ಅಲ್ಲಿಗೆ ತಲುಪಿದಾಗ ಮಗ ಏನೂ ಅನ್ನದೆ ನಮಸ್ಕರಿಸಿದ. ಚರ್ಮವನ್ನು ತೆಗೆಯಬೇಕಾದುದು ಮರಣದ ಬಳಿಕ ಆರು ಗಂಟೆಗಳ ಒಳಗೆ. ನಾವು ಬೆಳಗಾಗಲಿ ಎಂದಾಗ ಉಳಿದಿದ್ದುದು ಐದು ಗಂಟೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಬ್ಬ ಪರಿಚಯದ ಶಸ್ತ್ರವೈದ್ಯರನ್ನು ಕಂಡು ಕೇಳಿದೆವು. ಅವರು ಹೇಳಿದುದನ್ನು ಆ ತಾಯಿಯ ಪತ್ರಕ್ಕೆ ಉತ್ತರವಾಗಿ ಇಲ್ಲಿ ಕೊಡುತ್ತಿದ್ದೇವೆ. ತಾಯೀ, ಸುಲಿಯುವುದಿಲ್ಲ. ತೊಡೆ, ಕಾಲು, ಬೆನ್ನುಗಳಿಂದ ಮಾತ್ರ, ಡರ್ಮಟೋಮ್ ಎಂಬ ಉಪಕರಣದಿಂದ, ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ತೆಳುವಾದ ಹಾಳೆಯನ್ನು ತೆಗೆಯುತ್ತಾರೆ. ಜೀವಂತ ರೋಗಿಯ ತೊಡೆಯಿಂದ ತೆಗೆಯುವುದೂ ಇದೇ ಹಾಳೆಯನ್ನೇ. ಒಳಚರ್ಮದ ಬಹುಪಾಲು, ಎಂದರೆ ಚಪ್ಪಲಿಯಾಗಬಲ್ಲ ಆ ಗಟ್ಟಿ ಭಾಗ, ಮೈಮೇಲೆಯೇ ಇರುತ್ತದೆ. ನೆತ್ತರು ಹರಿಯುವುದಿಲ್ಲ. ತೆಗೆದ ಕಡೆ ಬಟ್ಟೆ ಸುತ್ತುತ್ತಾರೆ. ಮುಖ, ಎದೆ, ಕೈಗಳನ್ನು ಮುಟ್ಟುವುದಿಲ್ಲ. ಒಟ್ಟು ಕೆಲಸ ಮುಕ್ಕಾಲು ಗಂಟೆಯದು. ರಕ್ತದ ಗುಂಪು ಹೊಂದಬೇಕೆಂಬ ನಿಯಮವಿಲ್ಲ. ಹದಿನೆಂಟು ತುಂಬಿದ ಯಾರಾದರೂ ಕೊಡಬಹುದು, ವೃದ್ಧಾಪ್ಯ ಅಡ್ಡಿಯಲ್ಲ. ಏಡ್ಸ್, ಕಾಮಾಲೆಯ ಬಿ ಮತ್ತು ಸಿ ವಿಷಾಣುಗಳು, ಚರ್ಮದ ಕ್ಯಾನ್ಸರ್ ಅಥವಾ ಸೋಂಕು ಇದ್ದವರದು ಮಾತ್ರ ಆಗದು. ತೆಗೆದ ಚರ್ಮವನ್ನು ಗ್ಲಿಸರಿನ್ನಿನಲ್ಲಿ ತಂಪಾಗಿ ಇಟ್ಟು ಐದು ವರ್ಷಗಳವರೆಗೆ ಬಳಸಬಹುದು.

ಕೂಡಿಸಿ ವಿಭೂತಿ ಧರಿಸಲು, ಎದೆಯ ಮೇಲೆ ಲಿಂಗವನ್ನಿರಿಸಲು, ಹೂ ಪತ್ರೆ ಏರಿಸಲು ಇದರಿಂದ ಯಾವ ಅಡ್ಡಿಯೂ ಇಲ್ಲವೆಂದು ಈಗ ನಮಗೆ ತಿಳಿದಿದೆ. ಆ ರಾತ್ರಿ ನಾವು ಕಪಾಟಿನಲ್ಲಿ ಹುಡುಕಿದ ನಿಷೇಧ ಸಿಗಲಿಲ್ಲ. ಸಿಕ್ಕಿದ್ದರೂ ನಮ್ಮ ತಡೆಗೆ ಅದು ಕಾರಣವಾಗಿರಲಿಲ್ಲ. ಚರ್ಮಕ್ಕೆ ಪದರಗಳಿವೆ ಎಂಬುದನ್ನು ಸಂಸ್ಕೃತದಲ್ಲಿ ಹೇಳಬಲ್ಲವರಾಗಿದ್ದೆವು, ಅವುಗಳಲ್ಲಿ ಯಾವುದನ್ನು ತೆಗೆಯುತ್ತಾರೆಂದು ಕೇಳುವಷ್ಟು ಬುದ್ಧಿ ಬರಲಿಲ್ಲ.

ಕೊಡಲಿಚ್ಛಿಸುವವರು ಮನೆಯವರಿಗೆ ಮುಂಚೆಯೇ ಹೇಳಿರಬೇಕು. ಏಕೆಂದರೆ ಫೋನು ಮಾಡಬೇಕಾದವರು ಅವರು. ಹತ್ತಿರದಲ್ಲಿ ಚರ್ಮನಿಧಿ ಇದೆಯೇ, ಅವರು ಮನೆಗೆ ಬರುತ್ತಾರೆಯೇ ಎಂಬುದನ್ನು ಈಗಲೇ ವಿಚಾರಿಸಿ, ನಂಬರನ್ನು ಬರೆದಿಟ್ಟಿರಬೇಕು. ವೈದ್ಯರ ಮರಣಪತ್ರವನ್ನು ಸಿದ್ಧವಿರಿಸಿಕೊಳ್ಳಬೇಕು. ನಮ್ಮ ಊರಿನಿಂದ ಬೆಂಗಳೂರಿಗೆ ಆರು ಗಂಟೆಗಿಂತ ಹೆಚ್ಚಿನ ದಾರಿ. ಆದುದರಿಂದ ನಮ್ಮ ಒಪ್ಪಿಗೆಯ ಚೀಟಿ ಇಲ್ಲಿರುವವರೆಗೆ ನಿರುಪಯೋಗಿಯೇ. ಆದರೂ ಬರೆದು, ಅಣ್ಣನ ಮಗನ ಕೈಯಲ್ಲಿ ಕೊಟ್ಟಿದ್ದೇವೆ. ಅವನು ಓದಿ, ಮಡಿಚಿ, ಕಿಸೆಯಲ್ಲಿಟ್ಟುಕೊಂಡು, 'ಆವಾಗ ನಾ ಯಾರನ್ನೂ ಕೇಳೂದಿಲ್ಲ ಕಾಕಾ' ಎಂದ.

ಕೂದಲು ಮತ್ತು ಉಗುರುಗಳ ವಿಚಾರಕ್ಕೆ ಈ ಸಲ ಸ್ಥಳ ಸಾಲದಾಯಿತು. ಅವನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡಿದ್ದೇವೆ.